ಒಂದೇ ವಿಳಾಸದಿಂದ ಎರಡು ಉತ್ತರ

ಮೇಲ್ ಓದುತ್ತಿದ್ದ ಆರಾಧನಾ ಬಾಯಿಗೆ ಹಾಕಿಕೊಂಡ ಕೋಡುಬಳೆಯನ್ನು ಅಗಿಯುವುದನ್ನೇ ಮರೆತಳು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು. ಎರಡನೆಯ ಸಲವೂ ಅದೇ ಇತ್ತು.

"ಪೂಜ್ಯ ಗುರುಗಳಿಗೆ ವಸಂತನ ನಮಸ್ಕಾರಗಳು. ಫೋನಿನಲ್ಲಿ ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಧಾರವಾಡದ ಕಾಲೇಜಿನಲ್ಲಿ ನನಗೆ ಪರ್ಮನೆಂಟ್ ಕೆಲಸ ಸಿಕ್ಕಿದೆ. ನಾಳೆಯೊಳಗೆ ಒಪ್ಪಿಗೆ ತಿಳಿಸಬೇಕು. ಆದರೆ ನಾನು ಆರಾಧನಾ ಮೇಡಂ ಅವರನ್ನು ಪ್ರೀತಿಸುತ್ತಿದ್ದೇನೆ. ಅವರದು ಬಸವನಗುಡಿಯ ಹಳೆಯ ಮನೆತನ, ನಾವು ದೊಡ್ಡಬಳ್ಳಾಪುರದ ಕಡೆಯ ಬೇಸಾಯದವರು. ಹೇಳಿದರೆ ಎಲ್ಲಿ ಮಾತು ಬಿಟ್ಟುಬಿಡುತ್ತಾರೋ ಎಂದು ಭಯ. ಹೋಗಲೋ, ಇರಲೋ? ನೀವು ಹೇಳಿದಂತೆ ಮಾಡುತ್ತೇನೆ."

ಗುರುಗಳೆಂದರೆ ರಾಮಾನುಜ ಸರ್. ಚಾಮರಾಜಪೇಟೆಯ ಈ ವಿಶ್ವವಿದ್ಯಾಲಯದಲ್ಲಿ ಭೂಗೋಳ ವಿಭಾಗದ ಮುಖ್ಯಸ್ಥರಾಗಿದ್ದು ಹೋದ ತಿಂಗಳು ನಿವೃತ್ತರಾದವರು. ಅವರ ಕುರ್ಚಿಯಲ್ಲಿ ಈಗ ಪ್ರಭಾರ ಮುಖ್ಯಸ್ಥೆಯಾಗಿ ಆರಾಧನಾ ಕೂತಿದ್ದಾಳೆ. ಕೂತ ದಿನವೇ ಕಂಪ್ಯೂಟರ್ ಸೆಲ್ಲಿನ ಚಕ್ರಪಾಣಿ ಬಂದು ಪಾಠ ಹೇಳಿ ಹೋಗಿದ್ದ.

"ಮೇಡಂ, ವಿಭಾಗದ ಮುಖ್ಯಸ್ಥರ ಅಡ್ರೆಸ್ ಅನ್ನೋದು ಬರೀ ಅಲಿಯಾಸ್. ಅದಕ್ಕೆ ಸ್ವಂತ ಇನ್‌ಬಾಕ್ಸ್ ಇರಲ್ಲ. ಅದರ ಹಿಂದೆ ಯಾರನ್ನ ಹಾಕಿರ್ತೀವೋ ಅವರಿಗೆ ಮೇಲ್ ಬೀಳುತ್ತೆ. ಈಗ ನಿಮ್ಮನ್ನ ಹಾಕಿದೀನಿ. ನೀವು ರಿಪ್ಲೈ ಮಾಡಿದ್ರೂ ಆ ಅಡ್ರೆಸ್‌ನಿಂದಲೇ ಹೋಗುತ್ತೆ."

ವಸಂತನಿಗೆ ಇದೊಂದೂ ಗೊತ್ತಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಿನಿಂದ ಅವನ ಪಾಲಿಗೆ ಆ ವಿಳಾಸವೆಂದರೆ ರಾಮಾನುಜ ಸರ್, ಅಷ್ಟೇ.

ಆರಾಧನಾ ಕಳಿಸಿದವರ ಹೆಸರನ್ನು ಮತ್ತೆ ನೋಡಿದಳು. ಈ ವಸಂತನೇ? ಅತಿಥಿ ಉಪನ್ಯಾಸಕನಾಗಿ ಎದುರು ಟೇಬಲ್ಲಿನಲ್ಲಿ ಕೂತು, ಅವಳ ಡಬ್ಬಿಯ ಹುಳಿಯನ್ನೆಲ್ಲ ಬಳಿದುಕೊಂಡು ತಿಂದು, ಕೊನೆಗೆ ಉಪ್ಪು ಸ್ವಲ್ಪ ಕಡಿಮೆ ಎನ್ನುತ್ತಿದ್ದ ವಸಂತನೇ? ಆ ಮನುಷ್ಯನನ್ನು ಕಂಡರೆ ಸಾಕು, ತನಗೇಕೆ ಸುಮ್ಮಸುಮ್ಮನೆ ರೇಗುತ್ತಿತ್ತು ಎಂದು ಆಗ ಅವಳಿಗೆ ತಿಳಿಯಿತು. ಅದು ಸಿಟ್ಟಾಗಿರಲೇ ಇಲ್ಲ.

'ನಿಮ್ಮ ಮೇಲ್ ತಪ್ಪಿ ನನಗೆ ಬಂದಿದೆ' ಎಂದು ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲೆಂದೇ ಕೂತಳು. ಆದರೆ ಧಾರವಾಡ ಎಂಬ ಪದ ಕಣ್ಣಿಗೆ ಬಿದ್ದದ್ದೇ ತಡ, ಬುದ್ಧಿ ಹೇಳಿದ್ದನ್ನು ಬೆರಳು ಕೇಳಲಿಲ್ಲ.

"ಚಿರಂಜೀವಿ ವಸಂತನಿಗೆ ಆಶೀರ್ವಾದ. ಧಾರವಾಡ ಬೇಡ. ಆ ಹುಡುಗಿ ಸ್ವಲ್ಪ ಮುಂಗೋಪಿ, ಆದರೆ ಮನಸ್ಸು ಒಳ್ಳೆಯದು. ಧೈರ್ಯವಾಗಿ ಕೇಳಿಬಿಡು."

ಕಳಿಸಿಯೂ ಬಿಟ್ಟಳು. ಮೂವತ್ತು ದಾಟಿದ, ಪಿಎಚ್‌ಡಿ ಮಾಡಿದ, ನಾಲ್ಕು ಜನಕ್ಕೆ ಬುದ್ಧಿ ಹೇಳುವ ಹೆಂಗಸು ಮಾಡುವ ಕೆಲಸವೇ ಇದು!

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ವಸಂತನೇ ನಿಂತಿದ್ದ. ಮುಖ ಬಾಡಿತ್ತು.

"ಮೇಡಂ, ರಾಮಾನುಜ ಸರ್‌ಗೆ ಏನೋ ಆಗಿದೆ."

"ಏನಾಯ್ತು?"

"ಒಂದು ಪರ್ಸನಲ್ ವಿಷಯ ಕೇಳಿ ಮೇಲ್ ಹಾಕಿದ್ದೆ. ಮೊದಲು 'ಧಾರವಾಡಕ್ಕೆ ಹೋಗು' ಅಂತ ಬರೆದ್ರು. ಅದನ್ನ ಓದಿ ಮುಗಿಸಿಲ್ಲ, 'ಧಾರವಾಡ ಬೇಡ' ಅಂತ ಇನ್ನೊಂದು ಬಂತು. ಅದೇ ಅಡ್ರೆಸ್ಸು. ಮರೆವು ಶುರುವಾಯ್ತೇನೋ ಅಂತ ಭಯ ಆಗ್ತಿದೆ. ಫೋನೂ ಎತ್ತುತ್ತಿಲ್ಲ."

ಆರಾಧನಾ ದಂಗಾಗಿ ಟೇಬಲ್ಲಿನ ಅಂಚು ಹಿಡಿದುಕೊಂಡಳು. ತಾನು ಬರೆದದ್ದು ಒಂದೇ ಉತ್ತರ. ಹಾಗಾದರೆ ಇನ್ನೊಂದು? ಚಕ್ರಪಾಣಿ ಅವಳನ್ನು ಹಾಕಿದೀನಿ ಎಂದಿದ್ದನೇ ಹೊರತು ಸರ್ ಅವರನ್ನು ತೆಗೆದಿದೀನಿ ಎಂದಿರಲಿಲ್ಲ! ವಸಂತನ ಮೇಲ್ ಇಬ್ಬರಿಗೂ ಹೋಗಿದೆ. ಇಬ್ಬರೂ ಉತ್ತರ ಬರೆದಿದ್ದಾರೆ.

"ಮಲ್ಲೇಶ್ವರಕ್ಕೆ, ಅವರ ಮನೆಗೇ ಹೋಗಿ ನೋಡ್ಕೊಂಡು ಬರ್ತೀನಿ," ಎಂದ ವಸಂತ. "ನೀವೂ ಬರ್ತೀರಾ? ನಿಮ್ಮನ್ನ ಕಂಡ್ರೆ ಸರ್‌ಗೆ ಇಷ್ಟ."

ಸತ್ಯ ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಆರಾಧನಾ ಬಾಯಿ ತೆರೆದಳು. "ನಡೀರಿ," ಎಂದಳು.

ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿದರು. ಕೂರಲು ಜಾಗವಿರಲಿಲ್ಲ. ಸುರಂಗದ ಕತ್ತಲಿಗೆ ಕಿಟಕಿಯ ಗಾಜು ಕನ್ನಡಿಯಾಗಿತ್ತು. ಅದರಲ್ಲಿ ಅವನು ಅವಳನ್ನು ನೋಡುತ್ತಿದ್ದ. ಅವಳು ತಲೆಯೆತ್ತಿದಳು. ಅವನು ಥಟ್ಟನೆ ಸ್ಟೇಷನ್ನುಗಳ ಪಟ್ಟಿ ಓದತೊಡಗಿದ. ಅವಳಿಗೆ ನಗು ಬಂದು, ಮರುಕ್ಷಣವೇ ಅಳು ಬರುವಂತಾಯಿತು.

"ಮೇಡಂ, ಮುಂಗೋಪ ಇದ್ದೋರು ಕೆಟ್ಟೋರಾ?"

"ಯಾಕೆ ಕೇಳ್ತಿದೀರ?"

"ಸುಮ್ನೆ." ಅವನೇ ಮಾತು ಮುಂದುವರಿಸಿದ. "ಆ ಎರಡನೇ ಮೇಲ್ ಇದೆಯಲ್ಲ, ಅದನ್ನ ಸರ್ ಎಚ್ಚರದಲ್ಲೇ ಬರೆದಿರ್ಲಪ್ಪಾ ಅಂತ ದೇವರಲ್ಲಿ ಕೇಳ್ಕೋತಿದೀನಿ. ಧಾರವಾಡದಲ್ಲಿ ನಂಗೆ ಪರ್ಮನೆಂಟ್ ಕೆಲಸ ಸಿಕ್ಕಿದೆ. ಬರಲ್ಲ ಅಂತ ಟೈಪ್ ಮಾಡಿ ಇಟ್ಕೊಂಡಿದೀನಿ. ಸರ್ ಹೂಂ ಅಂದ್ರೆ ಕಳಿಸ್ಬಿಡ್ತೀನಿ."

ಆರಾಧನಾ ಬೆಚ್ಚಿಬಿದ್ದಳು. ವರ್ಷ ವರ್ಷವೂ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯುವ ಹುಡುಗ. ಅವನ ಅನ್ನಕ್ಕೇ ತಾನು ಕಲ್ಲು ಹಾಕಲು ಹೊರಟಿದ್ದಳು, ಅದೂ ಅವನ ಗುರುಗಳ ಹೆಸರಿನಲ್ಲಿ. ಸಂಪಿಗೆ ರಸ್ತೆಯಲ್ಲಿ ಇಳಿದು ಸರ್ ಮನೆಯ ಕಡೆ ನಡೆದರು.

ರಾಮಾನುಜ ಸರ್ ವರಾಂಡದಲ್ಲಿ ಹೆಂಡತಿ ಸುಂದರಮ್ಮನವರ ಪಕ್ಕ ಕೂತು ಅವರೆಕಾಳು ಹಿಸುಕುತ್ತಿದ್ದರು. ಫೋನು ಒಳಗೆ ಚಾರ್ಜಿಗಿತ್ತು. ಮರೆವಿನ ಲಕ್ಷಣ ಒಂದೂ ಕಾಣಲಿಲ್ಲ. ವಸಂತ ಮೆಲ್ಲಗೆ ಎರಡನೆಯ ಉತ್ತರ ತೋರಿಸಿದ. ಸರ್ ಹೌಹಾರಿದರು.

"ಇದು ನಾನು ಬರೆದಿದ್ದಲ್ಲವಲ್ಲೋ! ಪರ್ಮನೆಂಟ್ ಕೆಲಸ ಬಿಡು ಅಂತ ನಾನು ಹೇಳ್ತೀನೇನಯ್ಯಾ? ಯಾರೋ ಅಕೌಂಟಿಗೆ ಕನ್ನ ಹಾಕಿದಾರೆ. ಪೊಲೀಸ್ ಕಂಪ್ಲೇಂಟ್ ಕೊಡೋಣ, ನಡಿ."

ಸುಂದರಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "'ಮುಂಗೋಪಿ, ಆದರೆ ಮನಸ್ಸು ಒಳ್ಳೆಯದು' ಅಂತೆ. ಕಳ್ಳ ಯಾರೋ ಆ ಹುಡುಗಿ ಕಡೆಯವನೇ ಇರ್ಬೇಕು ಕಣ್ರೀ."

"ಕಂಪ್ಲೇಂಟ್ ಬೇಡ ಸರ್," ಎಂದಳು ಆರಾಧನಾ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. "ಬರೆದಿದ್ದು ನಾನು."

ಸರ್ ಬೆರಳಿನಲ್ಲಿದ್ದ ಅವರೆಕಾಳು ಜಾರಿ ವಸಂತನ ಕಾಲ ಬಳಿ ಬಿತ್ತು. ಯಾರೂ ಅದನ್ನು ನೋಡಲಿಲ್ಲ. ಆ ಅಡ್ರೆಸ್ಸಿಗೆ ಬಂದದ್ದು ಸರ್‌ಗೂ ತನಗೂ ಇಬ್ಬರಿಗೂ ಬೀಳುತ್ತಿದೆ ಎಂಬುದನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ವಸಂತನಿಗೆ ಗರ ಬಡಿದಂತಾಗಿತ್ತು. "ಅಂದ್ರೆ, ನಾನು ಬರೆದಿದ್ದನ್ನ ನೀವು ಓದಿದ್ರಾ?"

"ಎರಡು ಸಲ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಕತ್ತು, ಕಿವಿ ಎಲ್ಲ ಕೆಂಪಾದವು.

"ತಪ್ಪು ನನ್ನದು," ಎಂದಳು. "ಸರ್ ಹೆಸರಲ್ಲಿ ಬರೆಯೋಕೆ ನಾನ್ಯಾರು? ನಿಮಗೆ ಸಿಕ್ಕ ಕೆಲಸಾನ ನನ್ನ ಕೈಯಾರೆ ಹಾಳುಮಾಡ್ತಿದ್ದೆ."

"ಮತ್ಯಾಕೆ ಬರೆದ್ರಿ?"

"ಹೋಗ್ಬಿಡ್ತೀರಲ್ಲ ಅಂತ ಹೆದರಿಕೆ ಆಯ್ತು. ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅಂತ ಆಗ್ಲೇ ಗೊತ್ತಾಗಿದ್ದು. ಸಾಕಾ?"

ಸುಂದರಮ್ಮ ಗಂಡನ ತೋಳು ತಿವಿದರು. "ಅವಳ ಹತ್ರ ಮದುವೆ ಮಾತೆತ್ತಿದ್ರೆ ಜಗಳಕ್ಕೆ ಬರ್ತಾಳೆ ಅಂತ ಬೆಳಿಗ್ಗೆ ಬರೆದ್ರಲ್ಲ, ಏಳಿ, ಒಳಗೆ ಹೋಗೋಣ."

ಅವರು ಒಳಗೆ ಹೋಗುವುದನ್ನೂ ಕಾಯದೆ ವಸಂತ ಫೋನ್ ತೆಗೆದ. "ಹಾಗಾದ್ರೆ ಇನ್ನೇನು, ಧಾರವಾಡಕ್ಕೆ ಬರಲ್ಲ ಅಂತ ಈಗಲೇ ಕಳಿಸ್ತೀನಿ."

"ಕೊಡಿ ಇಲ್ಲಿ." ಆರಾಧನಾ ಫೋನನ್ನು ಕಿತ್ತುಕೊಂಡು, ಅವನು ಬರೆದಿಟ್ಟಿದ್ದನ್ನು ಅವನ ಕಣ್ಣೆದುರೇ ಅಳಿಸಿದಳು. "ಹೋಗಿ. ಹೋಗಿ ಕೆಲಸಕ್ಕೆ ಸೇರ್ಕೊಳ್ಳಿ."

ವಸಂತ ತಬ್ಬಿಬ್ಬಾದ. "ಈಗ ತಾನೇ ಬಿಟ್ಟಿರೋಕಾಗಲ್ಲ ಅಂದ್ರಿ!"

"ಅಂದೆ. ಅದಕ್ಕೇ ಹೊರಡೋಕೆ ಮುಂಚೆ, ಈ ಭಾನುವಾರ ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ನಮ್ಮಮ್ಮನಿಗೆ ನಾನು ಇವತ್ತೇ ಹೇಳಿರ್ತೀನಿ."

"ಅವರೇನಂತಾರೆ?"

ಆರಾಧನಾ ಮೊದಲ ಬಾರಿಗೆ ಅವನನ್ನು ಗಾಜಿನಲ್ಲಲ್ಲದೆ, ನೇರವಾಗಿ, ಕಣ್ಣು ತೆಗೆಯದೆ ನೋಡಿದಳು.

"ಮೊದಲು ಅಳ್ತಾರೆ. ಆಮೇಲೆ ಕಾಫಿ ಕೊಡ್ತಾರೆ. ಕಾಫಿ ಬರೋವರೆಗೂ ಎದ್ದು ಹೋಗ್ಬೇಡಿ."

"ಏಳಲ್ಲ," ಎಂದ ವಸಂತ.