ಕುಮುದಾ ಬರೆಯದ ಪರೀಕ್ಷೆ

2023ರ ಆಗಸ್ಟ್ 21, ಸೋಮವಾರ, ಬೆಳಿಗ್ಗೆ 10 ಗಂಟೆ 25 ನಿಮಿಷಕ್ಕೆ ಸ್ಯಾನ್ ಡಿಯಾಗೋದ ಲಾಸ್ ಎನ್ಸಿನೋಸ್ ಕಮ್ಯುನಿಟಿ ಕಾಲೇಜಿನ ಆವರಣದಲ್ಲೇ ಇರುವ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದು, ತನ್ನ ಹೆಸರಿನಲ್ಲಿ ಬೇರೆ ಯಾರೋ ಪರೀಕ್ಷೆ ಬರೆದಿದ್ದಾರೆಂದು ದೂರು ಕೊಟ್ಟಳು. ಇಷ್ಟು ಹೇಳಲು ಆಕೆಗೆ ಹದಿನೈದು ನಿಮಿಷ ಹಿಡಿಯಿತು. ಆಫೀಸರ್ ಮೊರಾಲೆಸ್ ನಿಧಾನವಾಗಿ ಕೇಳಿದ, ಆಕೆ ಅದಕ್ಕಿಂತ ನಿಧಾನವಾಗಿ ಹೇಳಿದಳು, ಆದರೂ ಮಾತು ಮುಂದೆ ಸಾಗಲಿಲ್ಲ. ಕೊನೆಗೆ ಆಕೆಯ ಮೊಬೈಲಿನ ಮೇಲೆ, ತನ್ನ ಮೇಲಧಿಕಾರಿಯ ಫೋನಿನಲ್ಲಿ ನೋಡಿದ್ದಂಥದೇ ಕನ್ನಡದ ಅಕ್ಷರ ಕಂಡು ಮೊರಾಲೆಸ್ ಒಳಗಿನ ಕೋಣೆಯ ಬಾಗಿಲು ತಟ್ಟಿದ.

ಒಳಗಿದ್ದವರು ಡಿಟೆಕ್ಟಿವ್ ರಹಮತುಲ್ಲಾ. ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರ ಮಗ, ಹದಿನಾರನೇ ವಯಸ್ಸಿಗೆ ಚಿಕ್ಕಪ್ಪನ ಜೊತೆ ಲಾಸ್ ಏಂಜಲೀಸ್ ಬಳಿಯ ಪೊಮೊನಾಕ್ಕೆ ಬಂದವರು. ಈ ಠಾಣೆಯಲ್ಲಿ ಎಫ್‌ಐಆರ್ ಎಂಬುದಿಲ್ಲ, ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. ರಹಮತುಲ್ಲಾ ಮಾತ್ರ ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲಿ ಅದನ್ನು ಎಫ್‌ಐಆರ್ ಎಂದೇ ಕರೆಯುತ್ತಾ ಬಂದಿದ್ದಾರೆ.

"ಕೂತ್ಕೊಳ್ಳಿ ಮೇಡಂ. ಕನ್ನಡದಲ್ಲೇ ಹೇಳಿ."

ಆಕೆಯ ಮುಖ ಒಮ್ಮೆಲೇ ಸಡಿಲವಾಯಿತು. ಹೆಸರು ಕುಮುದಾ, ವಯಸ್ಸು ನಲವತ್ತೈದು, ಊರು ವಿಜಯಪುರ, ಮನೆ ಫೋರ್ ಎಸ್ ರ್ಯಾಂಚ್. ಅಮೆರಿಕಕ್ಕೆ ಬಂದು ಹದಿನಾರು ವರ್ಷ. ಗಂಡ ಓಂಪ್ರಕಾಶ್ ಎಂಜಿನಿಯರ್. ಒಬ್ಬಳೇ ಮಗಳು ಐಶ್ವರ್ಯಾ, ಹತ್ತೊಂಬತ್ತು ವರ್ಷ, ಇದೇ ಕಾಲೇಜಿನಲ್ಲಿ ಎರಡನೇ ವರ್ಷ.

"ಇಂಗ್ಲಿಷ್ ಕಲೀಬೇಕಂತ ಅಪ್ಲೈ ಮಾಡೀನ್ರಿ ಸಾಹೇಬ್ರ. ಯಾವ ಕ್ಲಾಸಿನ್ಯಾಗ ಕುಂಡ್ರಬೇಕು ಅಂತ ನೋಡಾಕ ಮೊದಲ ಒಂದು ಟೆಸ್ಟ್ ಬರೀಬೇಕಂತ. ಇವತ್ತ ಬರ್ಯಾಕ ಬಂದ್ರ, ನೀವು ಆಗಲೇ ಬರದೀರಿ, ನಿಮಗ ಈ ಕ್ಲಾಸ ಬ್ಯಾಡ ಅಂತಾರ."

"ಎಷ್ಟು ಮಾರ್ಕ್ಸ್ ಬಂದಿದೆಯಂತೆ?"

"ಎಪ್ಪತ್ತೈದಕ್ಕ ಎಪ್ಪತ್ಮೂರು. ನನಗ ಅಷ್ಟ ಇಂಗ್ಲಿಷ್ ಬರತಿದ್ರ ನಿಮ್ಮ ಹುಡುಗನ ಮುಂದ ಕಾಲು ತಾಸು ಯಾಕ ಒದ್ದಾಡತಿದ್ದೆ?"

ರಹಮತುಲ್ಲಾಗೆ ನಗು ಬಂತು. ಪರೀಕ್ಷಾ ವಿಭಾಗಕ್ಕೆ ಫೋನ್ ಮಾಡಿದ ಮೇಲೆ ಆ ನಗು ಉಳಿಯಲಿಲ್ಲ. ಇಂಗ್ಲಿಷ್ ಮನೆಮಾತಲ್ಲದವರಿಗಾಗಿ ಇರುವ ಈ ಪರೀಕ್ಷೆಯನ್ನು ಒಮ್ಮೆ ಬರೆದರೆ ಮತ್ತೆ ಒಂದು ವರ್ಷ ಬರೆಯುವಂತಿಲ್ಲ. ಇದು ಕಾಲೇಜಿನ ನಿಯಮ. ಬರೆದದ್ದು ಆಕೆಯಲ್ಲ ಎಂದು ಪೊಲೀಸರು ಬರೆದುಕೊಟ್ಟರೆ ಮಾತ್ರ ಅಂಕ ರದ್ದಾಗುತ್ತದೆ. ಕ್ಲಾಸಿಗೆ ಸೇರಲು ಕೊನೆಯ ದಿನ ಸೆಪ್ಟೆಂಬರ್ 1. ಕೈಯಲ್ಲಿದ್ದದ್ದು ಹನ್ನೊಂದು ದಿನ.

ಆಗಸ್ಟ್ 24, ಗುರುವಾರ, ಪರೀಕ್ಷೆ ನಡೆಸುವ ಕಂಪನಿಯಿಂದ ದಾಖಲೆ ಬಂತು. ಪರೀಕ್ಷೆ ನಡೆದದ್ದು ಆಗಸ್ಟ್ 9, ಬುಧವಾರ, ಸಂಜೆ 4.10ಕ್ಕೆ, ಆನ್‌ಲೈನಿನಲ್ಲಿ. ಒಂದೂಕಾಲು ಗಂಟೆಯ ಪರೀಕ್ಷೆ ಹತ್ತೊಂಬತ್ತು ನಿಮಿಷದಲ್ಲಿ ಮುಗಿದಿತ್ತು. ಇಂಟರ್ನೆಟ್ ಕನೆಕ್ಷನ್ ಕುಮುದಾಳ ಮನೆಯದೇ.

"ಗಂಡನೇ ಇರಬೇಕು," ಎಂದ ಮೊರಾಲೆಸ್. "ಇಲ್ಲಿ ನೋಡಿ, ಹುಟ್ಟಿದ ದಿನ ತಾಳೆಯಾಗುತ್ತಿಲ್ಲ. ಕಾಲೇಜಿನ ಅರ್ಜಿಯಲ್ಲಿ 1978ರ ಜೂನ್ 1. ಪರೀಕ್ಷೆಯಲ್ಲಿ ನವೆಂಬರ್ 22. ಕಂಪನಿಯವರು ವಿದ್ಯಾರ್ಥಿ ಸಂಖ್ಯೆ ಮಾತ್ರ ನೋಡುತ್ತಾರಂತೆ, ಹೀಗಾಗಿ ದಾಟಿಹೋಗಿದೆ. ಹೆಂಡತಿಯ ಜನ್ಮದಿನ ಮರೆಯುವ ಗಂಡಂದಿರಿಗೇನು ಕೊರತೆ?"

ರಹಮತುಲ್ಲಾ ದಾಖಲೆಯ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಅವರ ಡ್ರೈವರ್ ಲೈಸೆನ್ಸಿನಲ್ಲೂ ಜೂನ್ 1 ಎಂದೇ ಇದೆ. ಅವರ ಅಣ್ಣನದೂ ಜೂನ್ 1. ಒಂದನೇ ಕ್ಲಾಸಿಗೆ ಸೇರಿಸಲು ಮಗುವನ್ನು ಕರೆದೊಯ್ದ ದಿನ ಹೆಡ್‌ಮಾಸ್ತರು ವಯಸ್ಸು ಲೆಕ್ಕ ಹಾಕಿ ಬರೆದ ತಾರೀಖು, ಪಾಸ್‌ಪೋರ್ಟಿನ ಮೇಲೆ ಕೂತು ಕಡಲು ದಾಟುತ್ತದೆ. ಇದನ್ನು ಮೊರಾಲೆಸ್‌ಗೆ ಯಾವ ರಿಪೋರ್ಟಿನಲ್ಲಿ ಬರೆದು ತಿಳಿಸುವುದು? ಅವರು ಕುಮುದಾಗೆ ಫೋನ್ ಮಾಡಿದರು.

"ಮೇಡಂ, ನವೆಂಬರ್ ಇಪ್ಪತ್ತೆರಡು ಅಂದ್ರೆ ಏನು?"

ಆಕೆ ನಕ್ಕಳು. "ಅದು ನನ್ನ ಖರೇ ಹುಟ್ಟಿದ ದಿನರಿ. ಜೂನ್ ಒಂದು ಮಾಸ್ತರ ಬರಕೊಂಡಿದ್ದು. ನಿಮಗ್ಯಾರ ಹೇಳಿದ್ರು?"

"ಇದು ಇನ್ನು ಯಾರಿಗೆ ಗೊತ್ತು?"

"ಮನ್ಯಾಗಿನವ್ರಿಗೆ ಅಷ್ಟರಿ. ನಮ್ಮ ಮನಿಯವ್ರಿಗೆ ಪೇಪರ್ ತುಂಬಿ ತುಂಬಿ ಜೂನ್ ಒಂದ ಬಾಯಿಪಾಠ ಆಗೇದ. ಐಶ್ವರ್ಯಾ ಮಾತ್ರ ತಪ್ಪಸಂಗಿಲ್ಲ, ಪ್ರತಿ ವರ್ಷ ಅವತ್ತ ಕೇಕ್..."

ಮಾತು ಅಲ್ಲಿಗೇ ನಿಂತಿತು. ಪ್ರಶ್ನೆಯನ್ನು ಹೀಗೆ ಕೇಳಿದ್ದಕ್ಕೆ ರಹಮತುಲ್ಲಾಗೇ ನಾಚಿಕೆಯಾಯಿತು. ತಾಯಿಯ ಬಾಯಿಂದಲೇ ಮಗಳ ಹೆಸರು ಹೊರಡಿಸಿದ್ದರು.

"ಸಾಹೇಬ್ರ," ಎಂದಳು ಕುಮುದಾ. "ದೂರು ವಾಪಸ್ ತಗೋತೀನಿ. ಕ್ಲಾಸೂ ಬ್ಯಾಡ, ಏನೂ ಬ್ಯಾಡ."

ಕಾಲೇಜೇ ಈಗ ಪ್ರಕರಣದಲ್ಲಿ ಸೇರಿಕೊಂಡಿದೆ, ಕೈಬಿಡಲು ಬರುವುದಿಲ್ಲ ಎಂದು ಅವರು ವಿವರಿಸಿದರು. ಆಕೆ ಫೋನ್ ಇಟ್ಟಳು.

ಆಗಸ್ಟ್ 25, ಶುಕ್ರವಾರ, ಮಧ್ಯಾಹ್ನ 2.15. ಕರೆಯದೆಯೇ ಓಂಪ್ರಕಾಶ್ ಠಾಣೆಗೆ ಬಂದರು. ಮಂಗಳವಾರದಿಂದ ಗುರುವಾರದವರೆಗೆ ಅವರ ಕೆಲಸ ಲಾಸ್ ಏಂಜಲೀಸಿನ ಕಡೆ, ಕಲ್ವರ್ ಸಿಟಿಯಲ್ಲಿ. ಆ ಮೂರು ದಿನ ಅಲ್ಲೇ ಒಂದು ರೂಮಿನಲ್ಲಿ ಇರುತ್ತಾರೆ. ಕೂರುವ ಮೊದಲೇ ಹೇಳಿದರು:

"ಟೆಸ್ಟ್ ಬರದಾವ ನಾನ ಅದೀನ್ರಿ. ಆಕಿಗೆ ತೀರಾ ಕೆಳಗಿನ ಕ್ಲಾಸ್ ಸಿಕ್ರ ಮಂದಿ ಏನಂದಾರು ಅಂತ ಮಾಡಿಬಿಟ್ಟೆ."

"ಎಲ್ಲಿಂದ ಬರೆದ್ರಿ?"

"ಮನ್ಯಾಗಿಂದ."

"ಬುಧವಾರ ಕಲ್ವರ್ ಸಿಟಿಯಲ್ಲಿ ಇರ್ತೀರಲ್ಲ?"

"ಅವತ್ತ ರಜಾ ಹಾಕಿದ್ದೆ."

ರಹಮತುಲ್ಲಾ ಬಿಳಿ ಹಾಳೆ ಮುಂದಿಟ್ಟರು. "ನಿಮ್ಮ ಮನೆಯವರ ಹೆಸರು, ವಿಳಾಸ, ಹುಟ್ಟಿದ ತಾರೀಖು ಬರೀರಿ."

ಓಂಪ್ರಕಾಶ್ ತಡವರಿಸದೆ ಬರೆದರು. ಜೂನ್ 1, 1978. ವೀಸಾ, ಗ್ರೀನ್ ಕಾರ್ಡ್, ಇನ್ಶೂರೆನ್ಸ್ ಎಂದು ಹದಿನಾರು ವರ್ಷ ಬರೆದ ಕೈ ಅದು.

"ಪರೀಕ್ಷೆ ಬರೆದವರು ಈ ತಾರೀಖು ಹಾಕಿಲ್ಲ ಸಾರ್. ನಿಮ್ಮ ಆಫೀಸಿಗೆ ಫೋನ್ ಮಾಡಿ ರಜೆ ವಿಷಯ ಕೇಳ್ಲಾ?"

ಓಂಪ್ರಕಾಶ್ ಪೆನ್ನು ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ತಪ್ಪು ನಂದ ಐತ್ರಿ. ಎಲ್ಲಾ ಪೇಪರ್ ನಾನ ತುಂಬಿದೆ, ಬ್ಯಾಂಕಿಗೆ ನಾನ ಹೋದೆ, ಡಾಕ್ಟರ್ ಮುಂದೂ ನಾನ ಮಾತಾಡಿದೆ. ಆಕಿ ಕಲೀತೀನಿ ಅಂದಾಗೆಲ್ಲಾ ಮುಂದಿನ ವರ್ಷ ನೋಡೂಣು ಅಂದೆ. ಬಾಯಿ ಇಲ್ಲದಾಕಿನ್ನ ಮಾಡಿಟ್ಟಾವ ನಾನ. ನನ್ನ ಹಿಡೀರಿ."

ಅದಕ್ಕೆ ಕಾನೂನಿನಲ್ಲಿ ಸೆಕ್ಷನ್ ಇರಲಿಲ್ಲ. ಸುಳ್ಳು ಹೇಳಿಕೆ ಎಂದು ಬರೆದುಕೊಂಡರೆ ಇನ್ನೊಂದು ಕೇಸಾಗುತ್ತಿತ್ತು. ರಹಮತುಲ್ಲಾ ಬರೆದುಕೊಳ್ಳಲಿಲ್ಲ. ತಾವು ಮಾಡುತ್ತಿರುವುದು ತಪ್ಪು ಎಂದು ಗೊತ್ತಿದ್ದರೂ ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ಮನೆಗೆ ಹೋಗಿ ಎಂದರು.

ಆಗಸ್ಟ್ 28, ಸೋಮವಾರ, ಮಧ್ಯಾಹ್ನ 1.30. ಐಶ್ವರ್ಯಾಳನ್ನು ಲೈಬ್ರರಿಯಿಂದ ಕರೆಸಲಾಯಿತು. ಆಕೆಯ ಹಕ್ಕುಗಳನ್ನು ಓದಿ ಹೇಳಿದರು. ರಹಮತುಲ್ಲಾ ಕನ್ನಡದಲ್ಲಿ ಕೇಳಿದರು. ಅವಳಿಗೆ ಎಲ್ಲವೂ ತಿಳಿಯುತ್ತಿತ್ತು, ಉತ್ತರವೆಲ್ಲ ಇಂಗ್ಲಿಷಿನಲ್ಲಿ ಬಂತು.

"ಆಗಸ್ಟ್ ಒಂಬತ್ತನೇ ತಾರೀಖು ಸಂಜೆ ಎಲ್ಲಿದ್ದೆ?"

ಮನೆಯಲ್ಲಿ.

"ಅಮ್ಮ?"

ವಾಕಿಂಗ್ ಹೋಗಿದ್ದಳು. ಪರೀಕ್ಷೆಯ ಲಿಂಕ್ ಮನೆಯಲ್ಲಿದ್ದ ಅಮ್ಮನ ಐಪ್ಯಾಡಿಗೆ ಬಂದಿತ್ತು.

"ಬೇಕೂ ಅಂತ್ಲೇ ಜಾಸ್ತಿ ಮಾರ್ಕ್ಸ್ ಬರೋ ಹಾಗೆ ಬರೆದೆಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಪೂರ್ತಿ ಬಂದರೆ ಅನುಮಾನ ಬರುತ್ತದೆಂದು ಎರಡು ಪ್ರಶ್ನೆ ತಪ್ಪು ಬರೆದಿದ್ದಳು.

"ಯಾಕೆ?"

ಕಳೆದ ಬೇಸಿಗೆಯಲ್ಲಿ ಗೆಳತಿಯರ ಜೊತೆ ಅಂಗಡಿಯಲ್ಲಿದ್ದಾಗ ಅಮ್ಮ ಕೌಂಟರಿನವಳಿಗೆ ಏನೋ ಕೇಳಿದಳಂತೆ. ಕೌಂಟರಿನವಳಿಗೆ ಅರ್ಥವಾಗಲಿಲ್ಲ. ಅಮ್ಮ ಮತ್ತೆ ಕೇಳಿದಳು, ಇನ್ನೂ ಜೋರಾಗಿ, ಕೈ ಆಡಿಸುತ್ತಾ. ಗೆಳತಿಯರು ನಕ್ಕರು. ಅವರ ಜೊತೆ ತಾನೂ ನಕ್ಕೆ ಎಂದಳು ಐಶ್ವರ್ಯಾ. ಅಮ್ಮ ತಿರುಗಿ ನೋಡಿ, ಏನೋ ತಮಾಷೆ ನಡೆದಿದೆ ಎಂದುಕೊಂಡು ತಾನೂ ನಕ್ಕಳು. ಆ ಅಮ್ಮ ಇನ್ನು ವಾರಕ್ಕೆ ನಾಲ್ಕು ದಿನ ಇದೇ ಕಟ್ಟಡದಲ್ಲಿ, ಇದೇ ಗೆಳತಿಯರ ಮಧ್ಯೆ ಓಡಾಡುತ್ತಾಳೆ. ಅಂಕ ಹೆಚ್ಚು ಬಂದರೆ ಕ್ಲಾಸು ಬೇಡ ಎನ್ನುತ್ತಾರೆ, ಅಮ್ಮ ಖುಷಿಯಾಗಿ ಮನೆಯಲ್ಲಿರುತ್ತಾಳೆ ಎಂದುಕೊಂಡಿದ್ದಳು. ಪೊಲೀಸರ ಬಳಿ ಹೋಗುತ್ತಾಳೆಂದು ಊಹಿಸಿರಲಿಲ್ಲ.

"ಶುಕ್ರವಾರ ನಿಮ್ಮಪ್ಪ ಬಂದು, ನಾನೇ ಮಾಡಿದ್ದು ಅಂದ್ರು. ನಿಮ್ಮಮ್ಮ ಕ್ಲಾಸೇ ಬೇಡ ಅಂದ್ರು."

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಕೇಳಿದಳು: ತಾನು ಒಪ್ಪಿ ಸಹಿ ಮಾಡಿದರೆ ಅಮ್ಮನಿಗೆ ಸೀಟು ಸಿಗುತ್ತದೆಯೇ?

"ಸಿಗುತ್ತೆ. ಆದರೆ ನಿನ್ನನ್ನ ಅರೆಸ್ಟ್ ಮಾಡ್ಬೇಕಾಗುತ್ತೆ. ಕಾಲೇಜು ಸಸ್ಪೆಂಡ್ ಮಾಡ್ಬಹುದು. ವಕೀಲರನ್ನ ಕೇಳಿ ಆಮೇಲೆ ಬರೀತೀನಿ ಅಂದ್ರೂ ಸರಿ."

ಅವಳು ಪೆನ್ನು ಕೇಳಿದಳು.

ಮಧ್ಯಾಹ್ನ 3.05ಕ್ಕೆ ಬಂಧನವಾಯಿತು. ಬೆರಳಚ್ಚು ತೆಗೆದು, ಕೋರ್ಟಿಗೆ ಹಾಜರಾಗಬೇಕಾದ ದಿನದ ಚೀಟಿ ಕೊಟ್ಟು ಬಿಡುವ ಸಣ್ಣ ಬಂಧನ. ಆದರೂ ಬಂಧನವೇ. ಬೆರಳು ಒತ್ತುವಾಗ ಮೊರಾಲೆಸ್ ಅವಳ ಕೈಯನ್ನು ಮೃದುವಾಗಿ ಹಿಡಿದುಕೊಂಡ. ರಹಮತುಲ್ಲಾ ಪರೀಕ್ಷಾ ವಿಭಾಗಕ್ಕೆ ಪತ್ರ ಕಳಿಸಿದರು. ಅರ್ಧ ಗಂಟೆಯಲ್ಲಿ ಅಂಕ ರದ್ದಾಯಿತು, ಕುಮುದಾಗೆ ಮರುದಿನ ಬೆಳಿಗ್ಗೆಯೇ ಪರೀಕ್ಷೆ ಎಂದು ಉತ್ತರ ಬಂತು.

3.50ಕ್ಕೆ ಕುಮುದಾ ಬಂದಳು. ಮಗಳು ಬೆಂಚಿನ ಮೇಲೆ ಕೂತಿದ್ದಳು. ದೂರು ಕೊಟ್ಟವರಿಗೆ ಸಲ್ಲಬೇಕಾದ ಕಾಗದಗಳನ್ನು ರಹಮತುಲ್ಲಾ ಜೋಡಿಸಿ ಕೊಟ್ಟರು. ಕಡೆಯ ಹಾಳೆ ಮಗಳು ಇಂಗ್ಲಿಷಿನಲ್ಲಿ ಬರೆದ ಹೇಳಿಕೆ, ಹನ್ನೆರಡು ಸಾಲು.

"ಇದ ಆಕಿ ಬರದಿದ್ದೇನ್ರಿ?"

"ಹೌದು ಮೇಡಂ." ಮೂರನೇ ಸಾಲಿನಲ್ಲೇ ಆ ಮಾತಿತ್ತು, ಅಮ್ಮನ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತು ಎಂದು. ಇದನ್ನು ಮೆದುವಾಗಿ ಹೇಳುವ ಕನ್ನಡ ರಹಮತುಲ್ಲಾಗೆ ಹೊಳೆಯಲಿಲ್ಲ. "ಓದಿ ಹೇಳ್ಬೇಕಾ?"

ಕುಮುದಾ ಹಾಳೆಯನ್ನು ನೋಡಿದಳು. ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮಗಳ ಕಡೆ ನೋಡಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ಕ್ಲಾಸಿಗೆ ಹೊಂಟೀನಲ್ಲ. ಕಲ್ತ ಮ್ಯಾಲ ನಾನ ಓದ್ಕೋತೀನಿ."

ಬೆಂಚಿನ ಮೇಲಿದ್ದ ಐಶ್ವರ್ಯಾ ಎದ್ದು ನಿಂತಳು. ಆ ಮಧ್ಯಾಹ್ನ ಮೊದಲ ಸಲ ಅವಳ ಬಾಯಿಂದ ಕನ್ನಡ ಬಂತು.

"ಅವ್ವಾ, ಓದಬ್ಯಾಡ."

ಕುಮುದಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟು ಜಿಪ್ ಎಳೆದಳು. ನಂತರ ಮಗಳ ಕೈ ಹಿಡಿದುಕೊಂಡು ಪಾರ್ಕಿಂಗ್ ಕಡೆಗೆ ನಡೆದಳು.