ಅರ್ಧ ಕಲಿಸಿದ ಪಾಠ

"ಆ ಕೆಟಲ್ ಕೆಳಗಿಡ್ರೀ!"

ಫುಮಿನೊ ಅವನಿಗೆ ಹೇಳಿದ ಮೊದಲ ಮಾತೇ ಇದು. ಹಿಂದಿನ ಸಂಜೆಯಷ್ಟೇ ಅವಳ ಐದು ಕೋಣೆಯ ವಸತಿಗೃಹಕ್ಕೆ ಬಂದಿಳಿದಿದ್ದ ಗಂಡಸು, ಬೆಳಗಾಗುತ್ತಲೇ ಹಿತ್ತಲಿನ ಹೆಪ್ಪುಗಟ್ಟಿದ ಪೈಪಿನ ಮೇಲೆ ಕುದಿಯುವ ನೀರು ಸುರಿಯಲು ಹೊರಟಿದ್ದ. ಅವಳು ಹಿಮದಲ್ಲಿ ಜಾರುತ್ತಲೇ ಓಡಿಬಂದು ಅವನ ಮಣಿಕಟ್ಟು ಹಿಡಿದುಕೊಂಡಳು.

"ಕುದಿಯೋ ನೀರು ಬಿದ್ರೆ ಪೈಪ್ ಸೀಳಿಹೋಗುತ್ತೆ. ಬಟ್ಟೆ ಸುತ್ತಿ ಉಗುರುಬೆಚ್ಚಗಿನ ನೀರು ಹಾಕ್ಬೇಕು. ನಿಮ್ಮೂರಲ್ಲಿ ಇಷ್ಟೂ ಹೇಳ್ಕೊಟ್ಟಿಲ್ವಾ?"

"ನಮ್ಮೂರಲ್ಲಿ ನೀರು ಗಟ್ಟಿಯಾಗೋದು ಫ್ರಿಜ್‌ನಲ್ಲಿ ಮಾತ್ರ" ಎಂದ ಅವನು, ತಲೆ ತಗ್ಗಿಸಿಕೊಂಡು.

ಫುಮಿನೊಗೆ ನಗು ಬಂತು. ಎಷ್ಟು ತಿಂಗಳಾಗಿತ್ತೋ ಅವಳು ನಕ್ಕು... ಅವನ ಕೈ ಇನ್ನೂ ಬಿಟ್ಟಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಅವನ ಹೆಸರು ಸಕಾಯೆ. ದೇಶದ ದಕ್ಷಿಣದಲ್ಲಿ, ಕಬ್ಬು ಬೆಳೆಯುವ ಬೆಚ್ಚನೆಯ ಅಮಾಮಿ ದ್ವೀಪದವನು. ಹಿಮ ಕಂಡಿದ್ದೇ ಇಲ್ಲಿಗೆ ಬಂದ ಮೇಲೆ. ಊರಾಚೆಯ ಅಣುಸ್ಥಾವರದಲ್ಲಿ ಪೈಪ್ ಕೆಲಸಕ್ಕೆಂದು ಗುತ್ತಿಗೆಯವರು ಕರೆತಂದಿದ್ದರು.

ಆ ಉತ್ತರದ ಕಡಲೂರಿನಲ್ಲಿ ಚಳಿಗಾಲದ ಸಂಜೆ, ಪೈಪು ಹೆಪ್ಪುಗಟ್ಟದಿರಲೆಂದು, ಪ್ರತಿ ಮನೆಯವರೂ ನೀರು ಇಳಿಸುತ್ತಾರೆ. ಹೊರಗೆ ಗೋಡೆಯ ಬುಡದಲ್ಲಿ ತಿರುಗಿಸುವ ಹಿಡಿಯೊಂದು ಇರುತ್ತದೆ. ಅದನ್ನು ತಿರುಗಿಸಿದರೆ ಪೈಪಿನಲ್ಲಿ ನಿಂತ ನೀರೆಲ್ಲ ನೆಲದೊಳಕ್ಕೆ ಇಳಿಯುತ್ತದೆ. ಆದರೆ ಒಳಗಿನ ನಲ್ಲಿಯನ್ನೂ ಯಾರಾದರೂ ತೆರೆದಿಡಬೇಕು. ಮೇಲಿಂದ ಗಾಳಿ ಹೋಗದಿದ್ದರೆ ನೀರು ತಿರುವುಗಳಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ ಇದು.

ಫುಮಿನೊ ಸಕಾಯೆಗೆ ಮೊದಲರ್ಧವನ್ನು ಮಾತ್ರ ಕಲಿಸಿದಳು.

ಯಾಕೆ ಎಂದು ಕೇಳಿದ್ದರೆ ಏನೋ ಒಂದು ನೆಪ ಹೇಳುತ್ತಿದ್ದಳು. ನಿಜ ಇಷ್ಟೇ... ಹೊರಗಿನ ಹಿಡಿ ಇದ್ದದ್ದು ಅಡುಗೆಮನೆಯ ಕಿಟಕಿಯ ಕೆಳಗೆ, ಒಳಗಿನ ನಲ್ಲಿ ಇದ್ದದ್ದು ಅದೇ ಕಿಟಕಿಯ ಪಕ್ಕ. ಅವನು ಹಿಡಿ ತಿರುಗಿಸಿ ಗಾಜಿಗೆ ಎರಡು ಸಲ ತಟ್ಟುತ್ತಿದ್ದ. ಅವಳು ನಲ್ಲಿ ತೆರೆದು ತಲೆಯಾಡಿಸುತ್ತಿದ್ದಳು. ಆ ಎರಡು ನಿಮಿಷ ಇಬ್ಬರ ಮುಖದ ನಡುವೆ ಒಂದು ಗಾಜು ಮಾತ್ರ. ಅವಳು ತಲೆಯಾಡಿಸುವುದು 'ಚೆನ್ನಾಗಿ ಮಾಡಿದಿರಿ' ಅನ್ನುವುದಕ್ಕೆ ಎಂದು ಆ ಪುಣ್ಯಾತ್ಮ ತಿಳಿದುಕೊಂಡಿದ್ದ.

ಹೀಗೆ ಮೂರು ವಾರ ಕಳೆಯಿತು. ಫುಮಿನೊಳ ಅಪ್ಪ ಶೋಗೊ ಮೀನುಗಾರ. ಸ್ಥಾವರದ ಹೆಸರೆತ್ತಿದರೇ ಮುಖ ಗಂಟಿಕ್ಕುವ ಆಸಾಮಿ. ಅವನೂ ಸಕಾಯೆಯನ್ನು "ಏನಪ್ಪಾ ಕಬ್ಬಿನವನೇ" ಎಂದು ರೇಗಿಸುತ್ತ, ತನ್ನ ಬಟ್ಟಲಿನ ಮೀನಿನ ತುಂಡನ್ನು ಅವನ ಬಟ್ಟಲಿಗೆ ಹಾಕತೊಡಗಿದ್ದ.

ಜನವರಿಯ ಕೊನೆಯ ವಾರ ಒಂದು ರಾತ್ರಿ ಕೊರೆಯುವ ಚಳಿ ಬಿತ್ತು. ಮರುದಿನ ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ಸ್ಥಾವರದಲ್ಲಿ ಬಳಸದೆ ಬಿಟ್ಟಿದ್ದ ಪೈಪಿನ ವಾಲ್ವ್ ಒಂದು ಹೆಪ್ಪುಗಟ್ಟಿ ಸೀಳಿತ್ತು. ಸೋರಿದ್ದು ಎರಡು ಬಕೆಟ್‌ನಷ್ಟು ನೀರು. ಅದೂ ಕಾಂಕ್ರೀಟ್ ಕಟ್ಟೆಯೊಳಗೇ ನಿಂತಿತ್ತು, ಸಮುದ್ರಕ್ಕೆ ಸೇರಿರಲಿಲ್ಲ. ಆದರೆ 'ವಿಕಿರಣಶೀಲ ನೀರು' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಿಕ್ಕಿದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ಮೀನಿನ ವ್ಯಾಪಾರಿ ಫೋನ್ ಮಾಡಿ ಈ ವಾರ ಬೇಡ ಎಂದ. ಶೋಗೊ ಮೀನಿನ ಪೆಟ್ಟಿಗೆಗಳನ್ನೆಲ್ಲ ವಾಪಸು ತಂದು ಅಂಗಳದಲ್ಲಿ ಪೇರಿಸಿ, ಒಂದರ ಮೇಲೆ ತಾನೇ ಕೂತುಬಿಟ್ಟ.

ಸಂಜೆ ಸಕಾಯೆ ಬಂದವನು ಬಾಗಿಲಲ್ಲೇ ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿದ. ಆ ಪೈಪು ತನ್ನ ಪಾಲಿನದು, ಕೆಲಸ ಮುಗಿದಿದೆ ಎಂದು ಸಹಿ ಹಾಕಿದವನೂ ತಾನೇ, ನಾಳೆ ಊರು ಬಿಡಲು ಹೇಳಿದ್ದಾರೆ ಎಂದ. ಶೋಗೊ ಎದ್ದು ಒಳಗೆ ಹೋದ.

"ನೀರು ಇಳಿಸಿದ್ರಾ, ಇಲ್ವಾ?" ಫುಮಿನೊ ಕೇಳಿದಳು.

"ಇಳಿಸಿದೆ ಫುಮಿನೊ-ಸಾನ್. ಮೇಸ್ತ್ರಿ ನೀರು ಇಳಿಸು ಅಂದ್ರು. ಕೆಳಗಿನ ತಿರುಪು ಬಿಚ್ಚಿದೆ, ನೀರು ಬಂತು, ನಿಂತ್ಹೋಯ್ತು. ಖಾಲಿಯಾಯ್ತು ಅಂತ..."

"ಖಾಲಿ ಪೈಪ್ ಎಲ್ಲಾದ್ರೂ ಒಡೆಯುತ್ತಾ?"

ಅವನು ಹಣೆಯನ್ನು ಮತ್ತೆ ನೆಲಕ್ಕೆ ಹಚ್ಚಿದ.

'ನಾನೇ ಕಲಿಸಿದ್ದೆ. ಮೂರು ವಾರ ದಿನಾ ಮಾಡಿದ್ದಾನೆ. ಮಾಡದೇ ಸಹಿ ಹಾಕಿ, ಈಗ ನನ್ನೆದುರೇ ಸುಳ್ಳು...' ಎಂದುಕೊಂಡಳು.

"ಸುಳ್ಳು ಹೇಳೋರಿಗೆ ಈ ಮನೇಲಿ ಊಟ ಹಾಕಲ್ಲ" ಎಂದು ಬಾಗಿಲು ಎಳೆದುಕೊಂಡಳು.

ಕತ್ತಲಾಗುವ ಹೊತ್ತಿಗೆ ಅಡುಗೆಮನೆಯ ಗಾಜಿನ ಮೇಲೆ ಎರಡು ಸಲ ಸದ್ದಾಯಿತು. ಫುಮಿನೊ ಸೀಮೆಎಣ್ಣೆ ಒಲೆಯ ಮುಂದೆ ಕೂತಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಸಲ ತಟ್ಟಿದ. ಆಮೇಲೆ ಹಿಮದ ಮೇಲೆ ಹೆಜ್ಜೆಗಳು ದೂರವಾದವು. ಅವಳು ಮುಖ ಮುಚ್ಚಿಕೊಂಡು ಅತ್ತಳು.

ಬೆಳಿಗ್ಗೆ ಎದ್ದಾಗ ಅವನ ಕೋಣೆ ಖಾಲಿ. ಹಾಸಿಗೆ ಮಡಿಸಿಟ್ಟು ಹೋಗಿದ್ದ.

ಅಡುಗೆಮನೆಯಲ್ಲಿ ನಲ್ಲಿಯ ಕೆಳಗೆ ಏನೋ ಮಿನುಗಿತು. ಕೆಳಗೆ ಬಾಗಿ ನೋಡಿದರೆ ಪೈಪಿನ ತಿರುವು ಉದ್ದಕ್ಕೆ ಸೀಳಿತ್ತು, ಸೀಳಿನಲ್ಲಿ ಬಿಳಿ ಮಂಜುಗಡ್ಡೆ.

ಹೋಗುವಾಗಲೂ ಮೋಸ ಮಾಡಿದನಲ್ಲ ಎಂದುಕೊಳ್ಳುತ್ತಲೇ ಹೊರಗೆ ಓಡಿ ಹಿಮ ಸರಿಸಿ ನೋಡಿದಳು. ಹಿಡಿ ಪೂರ್ತಿ ತಿರುಗಿತ್ತು. ಇನ್ನೊಂದು ಎಳೆಯಷ್ಟೂ ತಿರುಗುವಂತಿರಲಿಲ್ಲ.

ಹಿಂದಿನಿಂದ ಶೋಗೊ ಬಂದು ನಿಂತ. ಹಿಡಿಯನ್ನೂ ನೋಡಿದ, ಕಿಟಕಿಯೊಳಗೆ ಬಿಗಿಯಾಗಿ ಮುಚ್ಚಿದ್ದ ನಲ್ಲಿಯನ್ನೂ ನೋಡಿದ.

"ಅವನ ಕೆಲಸ ಅವನು ಮಾಡಿದಾನೆ. ಒಳಗಿನ ನಲ್ಲಿ ಯಾರು ತೆರೀಬೇಕಿತ್ತು?"

"ನಾನು" ಎಂದಳು ಫುಮಿನೊ. ಮರುಕ್ಷಣವೇ ಅವಳಿಗೆ ಸ್ಥಾವರದ ಪೈಪು ನೆನಪಾಯಿತು.

ಗಾಳಿ... ಅಲ್ಲೂ ಮೇಲಿನ ತಿರುಪು ಬಿಚ್ಚಿ ಗಾಳಿ ಬಿಡಬೇಕಿತ್ತು. ಅವನಿಗೆ ಅದು ಗೊತ್ತಿರಲೇ ಇಲ್ಲ. ಈ ಊರಲ್ಲೇ ಬೆಳೆದ ಮೇಸ್ತ್ರಿಗೆ, ಮಕ್ಕಳಿಗೂ ಗೊತ್ತಿರುವುದನ್ನು ಯಾರಿಗಾದರೂ ಬಿಡಿಸಿ ಹೇಳಬೇಕು ಅಂತ ಯಾಕೆ ಹೊಳೆಯುತ್ತದೆ? ಹೇಳಬೇಕಾದವಳು ಅವಳು. ದಿನಕ್ಕೆರಡು ನಿಮಿಷ ಅವನ ಮುಖ ನೋಡುವ ಆಸೆಗೆ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಶೋಗೊ ಪೆಟ್ಟಿಗೆಗಳ ಕಡೆ ತಿರುಗಿ, ಮೇಲಿನದರ ಹಿಮ ಒರೆಸಿದ. ಕೊನೆಗೆ, ಬಸ್ಸು ಒಂಬತ್ತಕ್ಕೆ ಎಂದ.

ಬಂದರಿನ ಬಸ್ ನಿಲ್ದಾಣದಲ್ಲಿ ಸಕಾಯೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬನೇ ಕೂತಿದ್ದ. ಫುಮಿನೊ ಏದುಸಿರು ಬಿಡುತ್ತ ಅವನ ಮುಂದೆ ನಿಂತಳು.

"ಸಕಾಯೆ-ಸಾನ್, ನಾನು ಅರ್ಧ ಮಾತ್ರ ಕಲಿಸಿದ್ದೆ."

ಅವನು ತಲೆಯೆತ್ತಿದ.

"ನೀವು ತಟ್ಟಿದಾಗೆಲ್ಲ ನಾನು ಒಳಗೆ ನಲ್ಲಿ ತೆರೀತಿದ್ದೆ. ಗಾಳಿ ಹೋದ್ರೇನೇ ನೀರು ಪೂರ್ತಿ ಇಳಿಯೋದು. ನಿನ್ನೆ ತೆರೀಲಿಲ್ಲ... ನಮ್ಮನೆ ಪೈಪೂ ಒಡೀತು. ನೀವು ಸುಳ್ಳು ಹೇಳಿರ್ಲಿಲ್ಲ."

ಅವನು ಚೀಲವನ್ನು ಪಕ್ಕಕ್ಕಿಟ್ಟ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೊಬ್ರೇ ಮಾಡ್ಕೊಂಡ್ಬಿಡ್ತಿದ್ರಿ. ನಾನು ಕಿಟಕಿ ಹತ್ರ ಬರೋಕೆ ಕಾರಣವೇ ಇರ್ತಿರ್ಲಿಲ್ಲ." ಅವಳ ಕಣ್ಣು ತುಂಬಿ ಬಂತು. "ಸ್ಥಾವರದಲ್ಲಿ ಸೋರಿದ್ದರಲ್ಲಿ ಅರ್ಧ ತಪ್ಪು ನಂದು. ಆಫೀಸಿಗೆ ಬಂದು ನಾನೇ ಹೇಳ್ತೀನಿ."

"ಅವ್ರ ಕಾಗದದಲ್ಲಿ ಇದನ್ನ ಬರೆಯೋಕೆ ಜಾಗ ಇಲ್ಲ ಫುಮಿನೊ-ಸಾನ್. ಕೆಲಸ ಹೋಯ್ತು." ಅವನು ಮೆಲ್ಲಗೆ ಕೇಳಿದ, "ಅಪ್ಪನ ಮೀನು?"

"ಈ ವಾರ ಮಾರಾಟ ಆಗಲ್ಲ. ಮುಂದಿನ ವಾರಾನೂ ಅನುಮಾನ."

ಸುಳ್ಳು ಸಮಾಧಾನ ಹೇಳುವ ಹಾಗಿರಲಿಲ್ಲ. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು.

"ನಾನು ಹೊರಡೋವಾಗ ಅಪ್ಪ ಹಿಂದಿನಿಂದ ಕೂಗಿ ಹೇಳಿದ್ರು" ಎಂದಳು ಅವಳು. "ಕಬ್ಬಿನವನು ಊಟ ಮಾಡ್ದೇ ಹೋಗ್ಬಾರ್ದಂತೆ. ಮೀನು ಮನೇಲಿ ಬೇಕಾದಷ್ಟು ಬಿದ್ದಿದೆಯಂತೆ."

ಸಕಾಯೆಯ ಮುಖ ಒಂದು ಸಲ ನಗುವ ಹಾಗಾಯಿತು, ಆಮೇಲೆ ಅವನು ಅತ್ತುಬಿಟ್ಟ. ಚಾಲಕ ಸ್ವಲ್ಪ ಕಾದು, ಬಾಗಿಲು ಮುಚ್ಚಿಕೊಂಡು ಹೊರಟ.

ಆ ಮಧ್ಯಾಹ್ನ ಸಕಾಯೆ ಅಡುಗೆಮನೆಯ ಒಡೆದ ಪೈಪು ಬದಲಾಯಿಸಿದ. ಸಂಜೆ ಫುಮಿನೊ ಅವನನ್ನು ನಲ್ಲಿಯ ಮುಂದೆ ನಿಲ್ಲಿಸಿ, ತಾನು ಹೊರಗೆ ಹೋಗಿ ಹಿಡಿ ತಿರುಗಿಸಿದಳು. ಗಾಜಿಗೆ ಎರಡು ಸಲ ತಟ್ಟಿದಳು. ಅವನು ನಲ್ಲಿ ತೆರೆದ. ಪೈಪು ಗೊಳಗೊಳ ಅಂದು, ಉದ್ದಕ್ಕೆ ಗಾಳಿ ಎಳೆದುಕೊಂಡಿತು.

ಅವನು ಕಿಟಕಿ ಸರಿಸಿದ. "ಇಷ್ಟೇನಾ?"

"ಇಷ್ಟೇ. ಇನ್ಮೇಲೆ ನೀವೊಬ್ರೇ ಮಾಡ್ಕೋಬಹುದು."

"ನೀವು ಬರಲ್ವಾ?"

"ದಿನಾ ಬರ್ತೀನಿ."

"ಬೇಸಿಗೆ ಬಂದ್ಮೇಲೆ?"

"ಬೇಸಿಗೇಲಿ ನೀರು ಇಳಿಸೋ ಕೆಲಸ ಇರಲ್ಲ." ಅವನ ಮುಖ ಬಾಡುವುದನ್ನು ಒಂದು ಗಳಿಗೆ ನೋಡಿ, ಫುಮಿನೊ ತಣ್ಣಗಾದ ಕೈಯನ್ನು ಕಿಟಕಿಯೊಳಗೆ ಚಾಚಿದಳು. "ಕಿಟಕಿ ಇರುತ್ತಲ್ಲ."