ಶನಿಗ್ರಹದ ದಾರಿ ಕಳುವಾದದ್ದು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮಹಮೂದಾಬೇಗಂ ಮಹಡಿಯಿಂದ ಓಡುತ್ತ ಇಳಿದು ನನ್ನ ಟೈಪಿಂಗ್ ಶಾಲೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ಕರಿಯ ಫ್ಲಾಪಿ ಇತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೇಮಪ್ಪಣ್ಣ, ಇದರಾಗ ಏನೂ ಇಲ್ಲರಿ," ಎಂದಳು. "ಮೂರು ವರ್ಷ ಮಾಡಿದ್ದೆಲ್ಲಾ ಹೋಗೇತಿ."

ನಾನು ಸಿಟ್ಟಿನ ಮನುಷ್ಯ, ಒಪ್ಪಿಕೊಳ್ಳುತ್ತೇನೆ. ಕಂಪ್ಯೂಟರ್ ಕಂಡರಂತೂ ಮೈಯೆಲ್ಲ ಉರಿ. ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದವನು ನಾನು. ಒಮ್ಮೆ ಹೊಡೆದ ಅಕ್ಷರವನ್ನು ನನ್ನ ಯಾವ ಯಂತ್ರವೂ ಮರೆತದ್ದಿಲ್ಲ. ಆದರೂ ೧೯೮೯ರ ಆ ಬೆಳಿಗ್ಗೆ ನಾನು ಕುರ್ಚಿ ಬಿಟ್ಟು ಎದ್ದೆ. ಆ ಫ್ಲಾಪಿಯಲ್ಲಿದ್ದದ್ದು ಏನೆಂದು ನನಗೆ ಗೊತ್ತಿತ್ತು.

ಮಹಮೂದಾ ನನ್ನ ಮೇಲಿನ ಮಹಡಿಯ ಕಂಪ್ಯೂಟರ್ ಶಾಲೆಯ ಶಿಕ್ಷಕಿ. ಭೂಮಿಯಿಂದ ಶನಿಗ್ರಹಕ್ಕೆ ಆಕಾಶನೌಕೆ ನಡೆಸುವ ಪ್ರೋಗ್ರಾಂ ಮಾಡಿದ್ದಳು. ಗ್ರಹಗಳ ಲೆಕ್ಕವೆಲ್ಲ ಮೊದಲ ವರ್ಷಕ್ಕೇ ಮುಗಿದಿತ್ತು. ಆಮೇಲಿನ ಎರಡು ವರ್ಷ ಹೋದದ್ದು ಬರೀ ದಾರಿ ತೋರಿಸುವ ಪರದೆಗೆ. ನೌಕೆ ಎಲ್ಲಿದೆ, ಯಾವ ಕಡೆ ತಿರುಗಬೇಕು, ಇಂಧನ ಎಷ್ಟು ಉಳಿದಿದೆ ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೂ ನೋಡಿದೊಡನೆ ತಿಳಿಯಬೇಕೆಂಬುದು ಅವಳ ಹಟ. ಅದಕ್ಕೇ ಇಂಧನವನ್ನು ನೀರಿನ ಕೊಡದಂತೆ ಬರೆದಿದ್ದಳು, ಹೋಗುವ ದಾರಿಯನ್ನು ಹೊಲದಲ್ಲಿ ಬಿತ್ತುವ ಕೂರಿಗೆಯ ಸಾಲಿನಂತೆ. ಕನ್ನಡ ಅಕ್ಷರಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಚುಕ್ಕೆಯಾಗಿ ತಾನೇ ಕೂಡಿಸಿದ್ದಳು.

ಅದೇ ದಿನ ಸಂಜೆ ನಾಲ್ಕಕ್ಕೆ ಧಾರವಾಡದಿಂದ ಮೂವರು ಪರೀಕ್ಷಕರು ಬರುವವರಿದ್ದರು. ಅಲ್ಲೊಂದು ಹೊಸ ವಿಜ್ಞಾನ ಭವನ ಏಳುತ್ತಿತ್ತು. ಕಂಪ್ಯೂಟರ್ ಮುಟ್ಟದವರೂ ನಡೆಸಬಲ್ಲ ಪ್ರೋಗ್ರಾಂ ಯಾರದೋ, ಭವನದ ಉಳಿದೆಲ್ಲ ಪ್ರೋಗ್ರಾಂ ಮಾಡುವ ಹುದ್ದೆಯೂ ಅವರದು. ಇನ್ನೊಂದು ದಿನ ಕೊಡುವುದಿಲ್ಲವೆಂದು ಮೊದಲೇ ಪತ್ರ ಬಂದಿತ್ತು.

"ಇನ್ನೊಂದು ಪ್ರತಿ ಇಲ್ಲೇನವ್ವಾ?" ಎಂದು ಕೇಳಿದೆ. ಕೇಳಿದ ಮೇಲೆ ನೆನಪಾಯಿತು. ಶನಿವಾರ ಸಂಜೆ ನಾನೇ ಅಲ್ಲಿದ್ದೆ. ಚಹಾ ತಂದ ಹೊನ್ನವ್ವನನ್ನು ಮಹಮೂದಾ ಯಂತ್ರದ ಮುಂದೆ ಕೂರಿಸಿ, ನೌಕೆಯನ್ನು ಮೇಲೆತ್ತು ಎಂದಿದ್ದಳು. ಹೊನ್ನವ್ವ ಮತ್ತೆ ಮತ್ತೆ ತನ್ನ ಕಡೆಯ ಬಾಣದ ಕೀಲಿಯನ್ನೇ, ಅಂದರೆ ಕೆಳಬಾಣವನ್ನೇ ಒತ್ತಿದಳು. ಹಗ್ಗ ತನ್ನ ಕಡೆ ಎಳೆದರೆ ಕೊಡ ಮೇಲೆ ಬರುತ್ತದಲ್ಲ, ದಿನಾ ಬಾವಿಯಲ್ಲಿ ಅದನ್ನೇ ಮಾಡುತ್ತೇನೆ ಎಂದಳು. ಮಹಮೂದಾ ಕುಣಿದಾಡಿಬಿಟ್ಟಳು. ಅಲ್ಲೇ ಕೂತು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಫ್ಲಾಪಿಗೆ ಉಳಿಸಿದಳು. ಪ್ರತಿ ತೆಗೆಯಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಮನೆಯಲ್ಲಿ ಉಳಿದದ್ದು ತಿಂಗಳ ಹಿಂದಿನ ಹಳೆಯ ಪ್ರತಿ. ಅದರಲ್ಲಿ ಕೊಡವೂ ಇಲ್ಲ, ಸಾಲೂ ಇಲ್ಲ.

ನಾನು ಅವಳನ್ನು ನೇರ ಎದುರು ಮನೆಯ ಉಡಚವ್ವನ ಬಳಿಗೆ ಕರೆದುಕೊಂಡು ಹೋದೆ. ಉಡಚವ್ವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಕೂತು ನಿವೃತ್ತಳಾದವಳು. ಊರಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಕಟ್ಟೆಗೆ ಬರುತ್ತಿದ್ದರು, ಅವಳ ಹಿಂದೆ ನಾನು ಹೋಗುತ್ತಿದ್ದೆ. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ಚಪ್ಪಲಿ ಮೆಟ್ಟಿದಳು.

ಮಹಡಿಯ ಮೇಲೆ ಆಗಲೇ ಮೂವರು ಸೇರಿದ್ದರು. ಶಾಲೆಯ ಮಾಲೀಕ ವಿರೂಪಾಕ್ಷಪ್ಪ ಬಿಸಿಲಿಗೆ ಫ್ಲಾಪಿ ಕೆಟ್ಟಿದೆ, ಇಂಥದ್ದು ಆಗುತ್ತಲೇ ಇರುತ್ತದೆ, ಪರೀಕ್ಷಕರ ಕೈಕಾಲು ತಾನೇ ಹಿಡಿಯುತ್ತೇನೆ ಎಂದು ಮಹಮೂದಾಳನ್ನು ಸಮಾಧಾನ ಮಾಡಿದರು. ಇನ್ನೊಬ್ಬ ಶಿಕ್ಷಕ ನಿಜಲಿಂಗಪ್ಪ ಮೂಲೆಯಲ್ಲಿ ಉಗುರು ಕಡಿಯುತ್ತಿದ್ದ. ಅವನದೂ ಒಂದು ಪ್ರೋಗ್ರಾಂ ಸ್ಪರ್ಧೆಯಲ್ಲಿತ್ತು. ಕಟ್ಟಡದ ಒಡೆಯ ಸಿದ್ದಲಿಂಗಪ್ಪ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಈ ಕೋಣೆಯನ್ನು ಗೋದಾಮು ಮಾಡಬೇಕೆಂದು ವರ್ಷದಿಂದ ಕಾಡುತ್ತಿದ್ದ. ಅವನ ಪಕ್ಕ ನಿಂತರೆ ನನಗೆ ಸೀನೇ ಸೀನು. ಕಳ್ಳ ಇವನೇ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಉಡಚವ್ವ ಫ್ಲಾಪಿಗಳ ಡಬ್ಬಿ ತೆಗೆಸಿದಳು. ಹಿಂದಿನ ದಿನ ಅಮಾವಾಸ್ಯೆ. ನಮ್ಮೂರಲ್ಲಿ ಅವತ್ತು ಲಾರಿಯಿಂದ ತಕ್ಕಡಿಯವರೆಗೆ ಎಲ್ಲಕ್ಕೂ ಪೂಜೆ. ಕಸಗುಡಿಸುವ ಗುತ್ತೆವ್ವ ಬೆಳಿಗ್ಗೆ ಯಂತ್ರಗಳಿಗೂ ಒಂದೊಂದು ಫ್ಲಾಪಿಗೂ ನೆನೆದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದಿದ್ದಳು. ಹೆಸರಿನ ಚೀಟಿಯಿಂದ ಶುರುವಾದ ಗೀರುಗಳು ಕರಿಯ ಹೊದಿಕೆಯ ಅರ್ಧದವರೆಗೆ ಬೆಳ್ಳಗೆ ಒಣಗಿದ್ದವು. ಮಹಮೂದಾಳ ಕೈಯಲ್ಲಿದ್ದ ಫ್ಲಾಪಿಯ ಚೀಟಿಯ ಮೇಲೂ ಮೂರು ಗೀರು ಇದ್ದವು. ಅವು ಚೀಟಿಯ ಅಂಚಿಗೆ ನಿಂತಿದ್ದವು. ಉಡಚವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟಳು. ನಾನೂ ನೋಡಿದೆ. ನನಗೇನೂ ಹೊಳೆಯಲಿಲ್ಲ.

ಪೂಜೆಯ ನಂತರ ಕೋಣೆಯ ಬೀಗದ ಕೀಲಿ ಯಾರ ಕೈಗೆ ಹೋಗಿತ್ತೆಂದು ಕೇಳಿದಾಗ ಮೂವರೂ ಒಳಗೆ ಬಂದಿದ್ದರೆಂದು ಗೊತ್ತಾಯಿತು. ಸಿದ್ದಲಿಂಗಪ್ಪ ಸೋರುವ ಚಾವಣಿ ನೋಡಲು, ನಿಜಲಿಂಗಪ್ಪ ತನ್ನ ಪ್ರೋಗ್ರಾಂ ತಿದ್ದಲು, ವಿರೂಪಾಕ್ಷಪ್ಪ ಬೀಗ ಹಾಕಲು. ಈ ನೌಕೆಯನ್ನು ಎಂದಾದರೂ ನಡೆಸಿದ್ದೀರಾ ಎಂದು ಅವಳು ಒಬ್ಬೊಬ್ಬರನ್ನೂ ಕೇಳಿದಳು. ಸಿದ್ದಲಿಂಗಪ್ಪ ನಕ್ಕುಬಿಟ್ಟ. ನಿಜಲಿಂಗಪ್ಪ ತಿಂಗಳ ಹಿಂದಿನದನ್ನು ಹತ್ತಾರು ಸಲ ನಡೆಸಿದ್ದೆ ಎಂದ. ವಿರೂಪಾಕ್ಷಪ್ಪ ತಾನು ಬರೀ ಆಡಳಿತದವನು, ಅದರ ಒಂದು ಕೀಲಿಯನ್ನೂ ಮುಟ್ಟಿಲ್ಲ ಎಂದರು.

ಉಡಚವ್ವ ಮಹಮೂದಾಳನ್ನು ಮನೆಗಟ್ಟಿ ಹಳೆಯ ಪ್ರತಿ ತರಿಸಿದಳು. ಮೂರು ಗಂಟೆಗೆ ಎಲ್ಲರೂ ಸೇರಬೇಕು, ಬೇರೆ ಗತಿಯಿಲ್ಲದ್ದಕ್ಕೆ ಇದನ್ನೇ ತೋರಿಸೋಣ, ಯಾರ ಕೈ ನೆಟ್ಟಗಿದೆಯೋ ಅವರು ನಡೆಸಲಿ ಎಂದಳು. ಮೂರರ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗುಟ್ಟು ಹೇಳು ಎಂದು ಗೋಗರೆದೆ, ಅವಳು ಬಾಯಿಬಿಡಲಿಲ್ಲ. ಅವಳ ಈ ಚಾಳಿ ನನಗೆ ಸುತರಾಂ ಹಿಡಿಸುವುದಿಲ್ಲ.

ಮೂರಕ್ಕೆ ಯಂತ್ರ ಶುರುವಾಯಿತು. ಶನಿಯ ದಾರಿಯ ಮೊದಲ ನಿಲುಗಡೆಯಾದ ಚಂದ್ರನ ನೆಲದಿಂದ ನೌಕೆ ಸ್ವಲ್ಪ ಎತ್ತರದಲ್ಲಿ ತೇಲುತ್ತಿತ್ತು. ಮೇಲೆತ್ತಿದರೆ ಸಾಕು ಎಂದಳು ಉಡಚವ್ವ. ಸಿದ್ದಲಿಂಗಪ್ಪ ಬೆರಳಾಡಿಸಿ ಹುಡುಕಿ, ಮೇಲ್ಬಾಣ ಒತ್ತಿ, ನೌಕೆ ಏರಿದ್ದನ್ನು ಕಂಡು ಬೆವರೊರೆಸಿಕೊಂಡ. ನಿಜಲಿಂಗಪ್ಪ ಮೇಲ್ಬಾಣವನ್ನೇ ಒತ್ತಿ ಸಲೀಸಾಗಿ ಏರಿಸಿದ. ವಿರೂಪಾಕ್ಷಪ್ಪ ಕೊನೆಗೆ ಕೂತರು. ಕೀಲಿಮಣೆಯ ಕಡೆ ನೋಡದೆ ಕೆಳಬಾಣದ ಮೇಲೆ ಬೆರಳಿಟ್ಟರು. ನೌಕೆ ಇಳಿಯಿತು. ಅವರು ಬೆರಳು ತೆಗೆಯಲಿಲ್ಲ, ಇನ್ನೂ ಗಟ್ಟಿಯಾಗಿ ಒತ್ತಿದರು. ಮೂರು ಸಲ ನಡೆಸಿ, ಮೂರು ಸಲವೂ ಚಂದ್ರನ ನೆಲಕ್ಕೇ ಅಪ್ಪಳಿಸಿದರು.

"ಸಾಕ್ರಿ," ಎಂದಳು ಉಡಚವ್ವ. "ನಿನ್ನೆ ಎಷ್ಟು ತಾಸು ಕಲತ್ರಿ?"

ಅವರು ತಬ್ಬಿಬ್ಬಾಗಿ, ಹೊಸಬರು ತಪ್ಪು ಕೀಲಿ ಒತ್ತುವುದು ಸಹಜವಲ್ಲವೇ ಎಂದರು.

ಹೊಸಬರು ಕೀಲಿಯನ್ನು ಹುಡುಕುತ್ತಾರೆ, ನೌಕೆ ಇಳಿದರೆ ಬೆರಳು ತೆಗೆಯುತ್ತಾರೆ ಎಂದು ಉಡಚವ್ವ ಬಿಡಿಸಿ ಹೇಳಿದಳು. ಕೆಳಬಾಣಕ್ಕೆ ನೌಕೆ ಏರುತ್ತದೆಂದು ನಂಬಿದವನು ಮಾತ್ರ ಇಳಿಯುವಾಗಲೂ ಅದನ್ನೇ ಒತ್ತುತ್ತಾನೆ. ಕೆಳಬಾಣಕ್ಕೆ ಏರುವ ನೌಕೆ ಇರುವುದು ಒಂದೇ ಫ್ಲಾಪಿಯಲ್ಲಿ. ಅದನ್ನು ಹಾಗೆ ಮಾಡಿದ್ದು ಶನಿವಾರ ಸಂಜೆ, ನೋಡಿದವರು ಮಹಮೂದಾ, ಹೊನ್ನವ್ವ ಮತ್ತು ನಾನು ಮಾತ್ರ. ನಾಲ್ಕನೆಯವರು ಅದನ್ನು ಕಲಿಯಬೇಕಾದರೆ ಆ ಫ್ಲಾಪಿ ಕೈಯಲ್ಲಿರಬೇಕು.

ಫ್ಲಾಪಿ ಕೆಟ್ಟಿಲ್ಲ, ಬದಲಾಗಿದೆ ಎಂದು ಬೆಳಿಗ್ಗೆಯೇ ಅವಳಿಗೆ ಗೊತ್ತಾಗಿತ್ತಂತೆ. ಗುತ್ತೆವ್ವನ ಬೆರಳು ಚೀಟಿಯ ಅಂಚಿಗೆ ನಿಲ್ಲುವಂಥದ್ದಲ್ಲ. ಉಳಿದೆಲ್ಲದರ ಮೇಲೆ ಗೀರು ದಾಟಿದೆ, ಇದರ ಮೇಲೆ ದಾಟಿಲ್ಲ. ಎಂದರೆ ಪೂಜೆಯಾದ ಮೇಲೆ ಯಾರೋ ಚೀಟಿಯನ್ನು ಕಿತ್ತು ಖಾಲಿ ಫ್ಲಾಪಿಗೆ ಅಂಟಿಸಿದ್ದಾರೆ. ಹಾಗಾದರೆ ಗೀರುಗಳ ಉಳಿದರ್ಧ ಇನ್ನೆಲ್ಲೋ ಇದ್ದೇ ಇರಬೇಕು.

"ನಿಮ್ಮ ಚೀಲ ತೆಗೀರಿ," ಎಂದಳು.

ವಿರೂಪಾಕ್ಷಪ್ಪ ತಾವೇ ಚರ್ಮದ ಚೀಲದಿಂದ ಚೀಟಿಯಿಲ್ಲದ ಒಂದು ಫ್ಲಾಪಿ ತೆಗೆದಿಟ್ಟರು. ಅದರ ಕರಿಯ ಹೊದಿಕೆಯಲ್ಲಿ ಚೀಟಿಯಷ್ಟು ಜಾಗ ಬಿಟ್ಟು, ಮೂರು ಬಿಳಿ ಗೀರು ಶುರುವಾಗಿದ್ದವು. ಉಡಚವ್ವ ಖಾಲಿ ಫ್ಲಾಪಿಯ ಚೀಟಿಯನ್ನು ಕಿತ್ತು ಆ ಜಾಗದ ಮೇಲಿಟ್ಟಳು. ಗೀರಿಗೆ ಗೀರು ಕೂಡಿತು. ನನ್ನ ಬಾಯಿಂದ ಸಿಳ್ಳೆಯೇ ಬಂದುಬಿಟ್ಟಿತು, ಈ ವಯಸ್ಸಿನಲ್ಲಿ. ಸಿದ್ದಲಿಂಗಪ್ಪನ ಮುಖ ನೋಡಲು ನಾಚಿಕೆಯಾಯಿತು.

"ಮುಂದಿನ ತಿಂಗಳು ಬೆಳಗಾವ್ಯಾಗ ತೋರಸೋ ವಿಚಾರ ಮಾಡಿದ್ದೆ," ಎಂದರು ವಿರೂಪಾಕ್ಷಪ್ಪ. "ಸಾಲಿ ನಂದು, ಮಶೀನ್ ನಂದು. ಪರದೆ ಮ್ಯಾಲ ಯಾರ ಹೆಸರೂ ಇರಲಿಲ್ಲ. ನಂದ ಅಂದಿದ್ರ ಯಾರು ಇಲ್ಲ ಅಂತಿದ್ರು?"

ಮಹಮೂದಾ ಅವರ ಮುಂದಿನಿಂದ ಫ್ಲಾಪಿಯನ್ನು ಕಸಿದುಕೊಂಡಳು. ವಿರೂಪಾಕ್ಷಪ್ಪ ಚೀಲ ಬಿಟ್ಟು, ತಲೆ ತಗ್ಗಿಸಿ ಮೆಟ್ಟಿಲಿಳಿದರು. ಅವರ ವಿಚಾರ ನಾಳೆ ನೋಡಿಕೊಳ್ಳೋಣ ಎಂದಳು ಉಡಚವ್ವ.

"ಇನ್ನೂ ಇಪ್ಪತ್ತು ನಿಮಿಷ ಐತಿ. ಮೊದಲ ನಿನ್ನ ಹೆಸರು ಹಾಕು."

ಹೆಸರು ಯಾಕೆ, ಕೆಲಸ ನೋಡಿದರೆ ಸಾಲದೇ ಎಂದಳು ಮಹಮೂದಾ. ನಾನು ರೇಗಿದೆ. ಮೂರು ವರ್ಷ ಕಣ್ಣು ಕಳೆದುಕೊಂಡು ಅಕ್ಷರ ಕೂಡಿಸಿದವಳು ಅದೇ ಅಕ್ಷರದಲ್ಲಿ ತನ್ನ ಹೆಸರು ಬರೆಯದಿದ್ದರೆ ನನ್ನ ಶಾಲೆಗೆ ಕಾಲಿಡಬೇಡ ಎಂದೆ. ಅವಳು ಕೂತು ಬರೆದಳು. ಈ ಸಲ ಮೊದಲು ಪ್ರತಿ ತೆಗೆದಳು.

ನಾಲ್ಕಕ್ಕೆ ಪರೀಕ್ಷಕರು ಬಂದರು. ಅವರಲ್ಲಿ ಹಿರಿಯರು ಕಂಪ್ಯೂಟರ್ ಮುಟ್ಟಿದವರೇ ಅಲ್ಲ, ತಾವೇ ಕೂತರು. ಮೊದಲು ಮೇಲ್ಬಾಣ, ಇಳಿಯುತ್ತಲೇ ಕೆಳಬಾಣ. ಒಂದೇ ನಿಮಿಷಕ್ಕೆ ಕೈ ಹಿಡಿತಕ್ಕೆ ಬಂತು. ಕೊಡ ತುಳುಕದಂತೆ, ಸಾಲು ತಪ್ಪದಂತೆ, ನೌಕೆಯನ್ನು ಶನಿಯ ಬಳೆಯ ಸುತ್ತ ತಂದರು. ಪರದೆಯ ತುಂಬ ಅಕ್ಷರಗಳು ಮೂಡಿದವು. ಅವರು ಕನ್ನಡಕ ಸರಿಸಿ ನಿಧಾನಕ್ಕೆ ಓದಿದರು.

"ಮಹಮೂದಾಬೇಗಂ ಅಂದ್ರ ಯಾರು?"

"ನಾನರಿ," ಎಂದಳು, ಗೋಡೆಗೆ ಒರಗಿಯೇ.

ಹಿರಿಯರು ಎದ್ದು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

"ಬರ್ರಿ, ಕುಂದ್ರಿ. ಉಳಿದ ಗ್ರಹಕ್ಕ ದಾರಿ ಯಾವಾಗ ಹಾಕಿ ಕೊಡ್ತೀರಿ, ಹೇಳ್ರಿ."